ಫಸ್ಟ್ ಕ್ಲಾಸ್ ಹುಚ್ಚು

ನನಗೆ ಹುಚ್ಚು ಹಿಡಿದದ್ದು ನಲವತ್ತೊಂದನೇ ವಯಸ್ಸಿನಲ್ಲಿ. ಅದಕ್ಕೂ ಮೊದಲು ಹದಿನೇಳು ವರ್ಷ ಅಂಕೋಲೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದೆ. ಹುಚ್ಚು ಎನ್ನುವ ಮಾತನ್ನು ಈಗ ಆಸ್ಪತ್ರೆಯಲ್ಲಿ ಯಾರೂ ಆಡುವುದಿಲ್ಲ, ಬೇರೆಯವರ ಬಗ್ಗೆ ನಾನೂ ಆಡುವುದಿಲ್ಲ. ನನ್ನ ತಲೆಯ ವಿಷಯ ಹೇಳಿಕೊಳ್ಳುವಾಗ ಮಾತ್ರ ಅಷ್ಟು ಸಲುಗೆ ಇರಲಿ.

ಅದು ಪರೀಕ್ಷೆಗಳು ಮುಗಿದು ಫಲಿತಾಂಶಕ್ಕೆ ಕಾಯುವ ದಿನಗಳು. ನನಗೆ ನಿದ್ದೆ ಬರುವುದು ನಿಂತಿತ್ತು, ಬೇಕು ಅಂತಲೂ ಅನ್ನಿಸುತ್ತಿರಲಿಲ್ಲ. ಐದನೇ ದಿನ ಒಂದು ಸೂತ್ರ ಹೊಳೆಯಿತು. ಗಂಗಾವಳಿ ಹೊಳೆಯಲ್ಲಿ ಸಮುದ್ರದ ಉಬ್ಬರವಿಳಿತಕ್ಕೆ ನೀರು ಏರುವ ಇಳಿಯುವ ಹೊತ್ತಿಗೂ ಮಕ್ಕಳ ರಿಜಿಸ್ಟರ್ ನಂಬರಿಗೂ ಸಂಬಂಧವಿದೆ, ಎರಡನ್ನೂ ಕೂಡಿಸಿ ಭಾಗಿಸಿದರೆ ಯಾರು ಪಾಸು ಯಾರು ನಪಾಸು ಎಂದು ಮೊದಲೇ ಹೇಳಬಹುದು. ಈ ಸತ್ಯ ಇಷ್ಟು ವರ್ಷ ಯಾರಿಗೂ ಕಾಣದೆ ನನಗೊಬ್ಬನಿಗೇ ಕಂಡದ್ದು ನನಗೇನೂ ಆಶ್ಚರ್ಯ ಅನ್ನಿಸಲಿಲ್ಲ. ನನ್ನ ಬಗ್ಗೆ ಮೊದಲಿನಿಂದಲೂ ನನಗೆ ಒಳ್ಳೆಯ ಅಭಿಪ್ರಾಯವಿತ್ತು.

ಎಂಟನೇ ದಿನ ಬೆಳಿಗ್ಗೆ ಮಂಜಗುಣಿಗೆ ಹೋಗಿ ಹೊಳೆಯ ಮರಳಿಗೆ ಇಳಿದೆ. ಅಲ್ಲಿ ನಾಲ್ಕೈದು ಹೆಂಗಸರು ಬಗ್ಗಿ ಚಿಪ್ಪಿ ಆರಿಸುತ್ತಿದ್ದರು. ಒಂದು ಕೋಲು ಹಿಡಿದು ಒದ್ದೆ ಮರಳಿನ ಮೇಲೆ ಸೂತ್ರ ಬರೆದು ಅವರಿಗೆ ಪಾಠ ಶುರುಮಾಡಿದೆ. ಅವರು ಮೊದಲು ನಕ್ಕರು, ಆಮೇಲೆ ಬುಟ್ಟಿ ಎತ್ತಿಕೊಂಡು ದಂಡೆ ಹತ್ತಿದರು. ಅವರಲ್ಲಿ ವಯಸ್ಸಾದವಳೊಬ್ಬಳು ಮೇಲಿನಿಂದ ಕೂಗಿದಳು: “ಮಾಸ್ತರ್ರೇ, ನೀರ್ ಏರ್ತೇ ಬಂತು. ಮೇಲ್ ಬನ್ನಿ, ಮೇಲ್ ಬನ್ನಿ!”

ನೋಡಿದರೆ ಪ್ಯಾಂಟು ಮಂಡಿಯವರೆಗೆ ಒದ್ದೆಯಾಗಿತ್ತು. ನೀರು ಏರುವ ಇಳಿಯುವ ಹೊತ್ತನ್ನು ಸೂತ್ರದಲ್ಲಿ ಕಟ್ಟಿಹಾಕಿದ ಮಹಾನುಭಾವನಿಗೆ ಕಾಲಬುಡಕ್ಕೆ ಬಂದ ನೀರು ಕಂಡಿರಲಿಲ್ಲ. ನನ್ನ ಸಿದ್ಧಾಂತದ ಮೊದಲ ಎರಡು ಸಾಲನ್ನು ಹೊಳೆ ಆಗಲೇ ಅಳಿಸಿಬಿಟ್ಟಿತ್ತು. ನಾನು ಹೊಳೆಯ ಮೇಲೆ ಸಿಟ್ಟಾಗಿ ಅದಕ್ಕೂ ಒಂದಿಷ್ಟು ಬೈದೆನಂತೆ. ಅದು ನನಗೆ ನೆನಪಿಲ್ಲ, ಊರಿಗೆ ಚೆನ್ನಾಗಿ ನೆನಪಿದೆ.

ಮರುದಿನ ನನ್ನ ಹೆಂಡತಿ ದೇವಸ್ಥಾನದಲ್ಲಿ ಪ್ರಸಾದ ಕೇಳಿದಳು. ಆಸ್ಪತ್ರೆಗೆ ಹೋಗಿ ಎಂದು ಬಲಕ್ಕೇ ಹೂ ಬಿತ್ತಂತೆ. ಎಡಕ್ಕೆ ಬಿದ್ದಿದ್ದರೂ ಕರೆದುಕೊಂಡೇ ಹೋಗುತ್ತಿದ್ದೆ ಎಂದು ಆಮೇಲೆ ಹೇಳಿದಳು. ಅವಳೂ ಅವಳ ಅಣ್ಣನೂ ನನ್ನನ್ನು ನಡುವೆ ಕೂರಿಸಿಕೊಂಡು ಕಾರವಾರಕ್ಕೆ ಒಯ್ದರು. ಮೂರು ವಾರ ಆಸ್ಪತ್ರೆಯಲ್ಲಿದ್ದೆ. ನಿದ್ದೆ ಬಂತು, ಸೂತ್ರ ಹೋಯಿತು. ಬಿಡುಗಡೆಯ ದಿನ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಸೈಕೋಸಿಸ್, ಅಂದರೆ ಇಲ್ಲದ್ದು ಇದ್ದಂತೆ ಕಾಣುವ ಕೇಳುವ ಸ್ಥಿತಿ, ಅದರಲ್ಲಿ ಬೇರೆ ಬೇರೆ ಬಗೆ ಇವೆ. ನನ್ನದು ಬೈಪೋಲಾರ್ ಬಗೆಯದು, ಮನಸ್ಸು ವಿಪರೀತ ಮೇಲೇರಿದಾಗ ಬಂದದ್ದು. ಆಮೇಲೆ ಹೆಂಡತಿಗೆ ಧೈರ್ಯ ಹೇಳಲೆಂದು ಒಂದು ಮಾತು ಸೇರಿಸಿದರು: “ಈ ಬಗೆಯವರಲ್ಲಿ ನೆನಪು, ಗಮನ, ಲೆಕ್ಕಾಚಾರ ಇವೆಲ್ಲ ಸಾಮಾನ್ಯವಾಗಿ ಅಷ್ಟು ಕೆಡೋದಿಲ್ಲ. ಸ್ಕಿಜೋಫ್ರೇನಿಯಾದಲ್ಲಿ ಸ್ವಲ್ಪ ಜಾಸ್ತಿ ಕಷ್ಟ ಆಗ್ತದೆ.”

ಹೆಂಡತಿ ಈ ಮಾತನ್ನು ಕೇಳಿ ನೆಮ್ಮದಿಯ ಉಸಿರು ಬಿಟ್ಟಳು. ನಾನು ಅದನ್ನು ಸರ್ಟಿಫಿಕೇಟಿನ ಹಾಗೆ ಎದೆಗೆ ಅಂಟಿಸಿಕೊಂಡೆ. ಹಿಡಿದರೂ ಎಂಥ ಹುಚ್ಚು ಹಿಡಿದಿದೆ ನೋಡಿ, ಫಸ್ಟ್ ಕ್ಲಾಸ್ ಹುಚ್ಚು!

ಶಾಲೆಗೆ ಮತ್ತೆ ಹೋಗತೊಡಗಿದೆ, ತಿಂಗಳಿಗೊಮ್ಮೆ ಕಾರವಾರಕ್ಕೆ ಹೋಗುವುದೂ ಶುರುವಾಯಿತು. ಡಾಕ್ಟರ ಕೋಣೆಯ ಹೊರಗೆ ಉದ್ದನೆಯ ಬೆಂಚು. ಎರಡನೇ ತಿಂಗಳು ಅದರ ಮೇಲೆ ನನ್ನ ಪಕ್ಕ ಮಾಜಾಳಿಯ ಒಬ್ಬ ಮೀನುಗಾರ ಕುಳಿತಿದ್ದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನವನು. ಇಪ್ಪತ್ತನೇ ವಯಸ್ಸಿನಲ್ಲೇ ಕಾಯಿಲೆ ಬಂದು ಸಮುದ್ರಕ್ಕೆ ಹೋಗುವುದನ್ನು ಬಿಟ್ಟವನು. ಜೊತೆಗೆ ಅವನ ಅಕ್ಕ, ಮೀನು ಮಾರುವವಳು. ಆಸ್ಪತ್ರೆಯ ಮೌನಕ್ಕೆ ಅವಳ ದನಿ ಹೊಂದುತ್ತಿರಲಿಲ್ಲ. ನಾನು ಮಾಸ್ತರ ಎಂದು ನನ್ನ ಹೆಂಡತಿಯಿಂದ ಆಗಲೇ ತಿಳಿದುಕೊಂಡಿದ್ದಳು.

“ನಿಮ್ದು ಎಂತ ಮಾಸ್ತರ್ರೇ?” ಎಂದು ಬಸ್ಸು ಯಾವುದು ಎಂದು ಕೇಳಿದ ಹಾಗೆ ಕೇಳಿದಳು.

“ಬೈಪೋಲಾರ್” ಎಂದೆ, ಎದೆ ಸ್ವಲ್ಪ ಮುಂದೆ ಮಾಡಿ.

“ನಮ್ಮಂವಂದು ಸ್ಕಿಜೋಫ್ರೇನಿಯಾ. ಕಿವೀಲಿ ಒಬ್ಬ ಮಾತಾಡ್ತ. ಗುಳಿಗಿ ತಕೊಂಡ್ರೆ ಸಣ್ಣಕೆ ಮಾತಾಡ್ತ, ಇಲ್ದಿದ್ರೆ ದೊಡ್ಡಕೆ.”

ನಾನು ಮರುಕದಿಂದ ತಲೆ ಆಡಿಸಿದೆ. ಆ ಮರುಕವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಮೊದಲ ಬೆಂಚಿನ ಹುಡುಗ ಕೊನೆಯ ಬೆಂಚಿನವನನ್ನು ನೋಡುವ ನೋಟ ಅದು.

ಆ ದಿನವೇ ಮನೋವಿಜ್ಞಾನದ ಮೇಡಂ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ಕರೆದರು. ಶಿರವಾಡದ ಕಡೆಯ ಚಿಕ್ಕ ವಯಸ್ಸಿನ ಹೆಂಗಸು, ತಗ್ಗಿದ ದನಿ. ನಮ್ಮಂಥವರಿಗೆ ಯಾವ ಯಾವ ಕೆಲಸದಲ್ಲಿ ಮಿದುಳು ಎಡವುತ್ತದೆ ಎಂದು ನೋಡಿ, ಅದಕ್ಕೆ ತಕ್ಕ ಅಭ್ಯಾಸ ಕೊಡುವುದು ಅವರ ಕೆಲಸ. ಪರೀಕ್ಷೆ ಎನ್ನುವ ಶಬ್ದ ಕಿವಿಗೆ ಬಿದ್ದದ್ದೇ ನನಗೆ ಹುರುಪು ಬಂತು. ಹದಿನೇಳು ವರ್ಷ ಪರೀಕ್ಷೆ ನಡೆಸಿದವನಿಗೆ ಬರೆಯುವ ಅವಕಾಶ! ಹೆಂಡತಿಯ ಕೈಯಲ್ಲಿದ್ದ ಚೀಲದಲ್ಲಿ ಪೆನ್ನಿಗಾಗಿ ತಡಕಾಡಿದೆ.

“ಪೆನ್ನು ಬೇಡ, ನಾನೇ ಪೆನ್ಸಿಲ್ ಕೊಡ್ತೇನೆ. ಇದ್ರಲ್ಲಿ ಪಾಸು ಫೇಲು ಇಲ್ಲ” ಎಂದರು ಮೇಡಂ.

ನಾನು ಮಕ್ಕಳಿಗೆ ಇದೇ ಮಾತು ಹೇಳುತ್ತಿದ್ದೆ, ಸುಳ್ಳು ಹೇಳುವಾಗ.

ಅಂಕೆಗಳನ್ನು ಹೇಳುತ್ತ ಹೋದರು, ನಾನು ಕೊನೆಯಿಂದ ಮೊದಲಿಗೆ ಒಪ್ಪಿಸಿದೆ. ಏಳು ಅಂಕೆಗಳವರೆಗೆ ತಪ್ಪಲಿಲ್ಲ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ ಎಂದರು. ಹುಲಿಯಿಂದ ಹಿಡಿದು ಹೆಗ್ಗಣದವರೆಗೆ ಹೇಳಿ, ಉಸಿರು ಉಳಿದಿತ್ತೆಂದು ಎರಡು ಅಳಿದುಹೋದ ಪ್ರಾಣಿಗಳನ್ನೂ ಸೇರಿಸಿದೆ. ಆಮೇಲೆ ಹದಿನೈದು ಶಬ್ದಗಳ ಪಟ್ಟಿಯನ್ನು ಓದಿ, ನೆನಪಿದ್ದಷ್ಟು ಹೇಳಿ ಎಂದರು. ಹಸು, ಕೊಡೆ, ಬೆಟ್ಟ, ಗಂಟೆ, ಹೀಗೆ. ಪಟ್ಟಿಯನ್ನು ಐದು ಸಲ ಓದಿದ ಮೇಲೆ ನಾನು ಕಣ್ಣುಮುಚ್ಚಿ ಗಡಗಡನೆ ಹೇಳಿಬಿಟ್ಟೆ.

ಮೇಡಂ ಕಾಗದದ ಮೇಲೆ ಗುರುತು ಹಾಕಿಕೊಂಡು ತಲೆ ಎತ್ತಿದರು. “ಹದಿನೇಳು ಹೇಳಿದ್ರಿ.”

“ಹೌದಾ?” ನನಗೆ ಹಿಗ್ಗು.

“ನಾನು ಓದಿದ್ದು ಹದಿನೈದು.”

ದೋಣಿ ಮತ್ತು ಕನ್ನಡಿ ಪಟ್ಟಿಯಲ್ಲಿ ಇರಲೇ ಇಲ್ಲವಂತೆ. ಇತ್ತು ಎಂದು ನಾನು ವಾದಿಸಿದೆ. ಮೇಡಂ ಪಟ್ಟಿಯನ್ನು ತಿರುಗಿಸಿ ತೋರಿಸಲಿಲ್ಲ, ವಾದವನ್ನೂ ಮಾಡಲಿಲ್ಲ. “ನಿಮ್ಮ ನೆನಪು ಚೆನ್ನಾಗಿದೆ ಮಾಸ್ತರ್ರೇ. ಆದ್ರೆ ಅವಸರಕ್ಕೆ ಇಲ್ಲದ್ದನ್ನೂ ನೆನಪು ಅಂತ ತಂದು ಕೊಡ್ತದೆ. ಅದರ ಮೇಲೆ ಸ್ವಲ್ಪ ಕಣ್ಣಿಡಿ” ಎಂದರು. ನಾನು ಮೊದಲ ವಾಕ್ಯವನ್ನು ಮಾತ್ರ ಮನೆಗೆ ಕೊಂಡೊಯ್ದೆ.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಕಾದೆ. ಮೀನುಗಾರ ತುಂಬ ಹೊತ್ತಿನ ಮೇಲೆ ಬೆವರೊರೆಸಿಕೊಳ್ಳುತ್ತ ಬಂದ.

“ಎಷ್ಟು ಶಬ್ದ ಬಂತು?” ಎಂದೆ. ಪರೀಕ್ಷೆ ಮುಗಿಸಿ ಬಂದವನ ಪ್ರಶ್ನೆಪತ್ರಿಕೆ ಕಸಿದುಕೊಳ್ಳುವ ಹುಡುಗನಿಗೂ ನನಗೂ ವ್ಯತ್ಯಾಸವಿರಲಿಲ್ಲ.

“ಏಳೋ ಎಂಟೋ.”

“ಪ್ರಾಣಿಗಳ ಹೆಸರು?”

“ನಾಲ್ಕ್ ಹೇಳ್ದೆ. ಮತ್ತೆ ಬಿಟ್ಟೆ. ನಾ ಹೇಳೂಕ್ಕಿಂತ ಮೊದ್ಲು ಅಂವ ಹೇಳ್ತ” ಎಂದು ಕಿವಿ ಮುಟ್ಟಿಕೊಂಡ. “ಇಬ್ರೂ ಎಂತಕ್ಕೆ ಹೇಳೂದು?”

ನನಗೆ ನಗು ಬಂತು, ಅವನಿಗೂ ಬಂತು. ಅವನ ಗೆಳೆತನ ಆದದ್ದು ಆ ಗಳಿಗೆಯಲ್ಲಿ. ಆದರೆ ಗೆಳೆಯನನ್ನು ಗೆಳೆಯನಾಗಿ ಇರಲು ಬಿಡುವ ಗುಣ ಮಾಸ್ತರರಿಗೆ ಇರುವುದಿಲ್ಲ. ದಡ್ಡ ಹುಡುಗನೊಬ್ಬ ಸಿಕ್ಕಿದ ಎಂದು ನಾನು ಉದ್ಧಾರಕ್ಕೆ ಇಳಿದೆ. ಆರು ತಿಂಗಳ ಮೇಲೆ ಇದೇ ಪರೀಕ್ಷೆ ಮತ್ತೆ ಮಾಡುತ್ತೇವೆ ಎಂದು ಮೇಡಂ ಹೇಳಿದ್ದರು. ಇಡೀ ಪಟ್ಟಿ ನನ್ನ ತಲೆಯಲ್ಲಿತ್ತು, ದೋಣಿ ಮತ್ತು ಕನ್ನಡಿಯನ್ನು ಬಿಟ್ಟು. ಪ್ರತಿ ತಿಂಗಳೂ ಬೆಂಚಿನ ಮೇಲೆ ಟ್ಯೂಷನ್ ನಡೆಯಿತು. ಹದಿನೈದು ಶಬ್ದಗಳನ್ನು ಒಂದು ಕತೆಯಲ್ಲಿ ಪೋಣಿಸಿಕೊಟ್ಟೆ. ಹಸು ಕೊಡೆ ಹಿಡಿದುಕೊಂಡು ಬೆಟ್ಟ ಹತ್ತಿತು, ಅಲ್ಲಿ ಗಂಟೆ ಬಾರಿಸಿತು, ಹೀಗೆ ಹೋಗಿ ಹೋಗಿ ಕೊನೆಗೆ ಅದು ಒಂದು ಪೆಟ್ಟಿಗೆಯೊಳಗೆ ಮಲಗುವವರೆಗೆ. ಅವನು ನಿಧಾನ. ಒಂದು ವಾಕ್ಯ ಕೂತ ಮೇಲೆಯೇ ಇನ್ನೊಂದು. ನಾನು ಒಳಗೊಳಗೇ ಸಿಡಿಮಿಡಿಗೊಂಡು ಮೇಲೆ ನಗುತ್ತಿದ್ದೆ.

ಆರು ತಿಂಗಳ ಮೇಲೆ ಅವನು ಒಳಗೆ ಹೋದ. ಐದೇ ನಿಮಿಷಕ್ಕೆ ಬಾಗಿಲು ತೆರೆದು ಮೇಡಂ ನನ್ನನ್ನು ಕರೆದರು.

“ಹದಿನೈದಕ್ಕೆ ಹದಿನೈದು ಹೇಳಿದ್ರು ಇವರು.”

ನಾನು ಸಂತೋಷದಿಂದ ಅವನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

“ಎಲ್ಲ ಹೋದ ಸಲದ್ದು. ಈ ಸಲದ ಪಟ್ಟಿ ಬೇರೆ. ಇವತ್ತಿಂದು ಒಂದೂ ಒಳಗೆ ಹೋಗ್ಲಿಲ್ಲ. ಹಸು ದಾರೀಲಿ ಅಡ್ಡ ನಿಂತಿದೆ.”

ಪರೀಕ್ಷೆಯಲ್ಲಿ ಕಾಪಿ ಮಾಡಿಸಿ ಸಿಕ್ಕಿಬಿದ್ದ ಮಾಸ್ತರನ ಮುಖ ಹೇಗಿರುತ್ತದೆ ಎಂದು ಆ ಕೋಣೆಯ ಗೋಡೆಗೆ ಗೊತ್ತು. ತಪ್ಪಾಯಿತು ಎಂದು ತೊದಲಿದೆ. ಹೊರಗೆ ಅವನ ಅಕ್ಕ ಕಾದಿದ್ದಳು. “ನೀವನಾ ಕಲ್ಸಿದ್ದು? ಅಂವ ಊಟಕ್ಕೆ ಕೂತ್ರೂ ಹಸು ಕೊಡೆ ಬೆಟ್ಟ ಹೇಳ್ತೇ ಇರ್ತಿದ್ದ. ನಾ ಕಾಯ್ಲೆ ಹೆಚ್ಚಾಯ್ತು ಹೇಳಿ ಹರಕಿ ಹೇಳ್ಕಂಡೆ ಮಾರಾಯ್ರೆ! ಈಗ ಆ ಹರಕಿ ನೀವೇ ತೀರ್ಸಿ” ಎಂದಳು.

ಮೇಡಂ ಮಾತ್ರ ಆ ಕೆಟ್ಟುಹೋದ ಪರೀಕ್ಷೆಯಿಂದಲೂ ಏನೋ ಹೆಕ್ಕಿಕೊಂಡರು. ಪಟ್ಟಿ ಓದಿದರೆ ಇವನಿಗೆ ಹಿಡಿಯುವುದಿಲ್ಲ, ಕತೆ ಮಾಡಿ ತಿಂಗಳುಗಟ್ಟಲೆ ಹೇಳಿದರೆ ಹೋಗುವುದೇ ಇಲ್ಲ ಎಂದು ಬರೆದುಕೊಂಡರು. ಅವನ ದಿನದ ಕೆಲಸಗಳನ್ನು ಹಾಗೆಯೇ ಒಂದು ಕತೆಯಾಗಿ ಕಟ್ಟಿಕೊಟ್ಟರು: ಏಳುವುದು, ಗುಳಿಗೆ, ಗಂಜಿ, ಮಾವನ ಶೆಡ್ಡಿಗೆ ಹೋಗಿ ಬಲೆ ಹೊಲಿಯುವುದು. ಗುಳಿಗೆ ನುಂಗಿದ ಕೂಡಲೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆಯಬೇಕು ಎಂದೂ ಹೇಳಿದರು. ನನಗೂ ಅದನ್ನೇ ಹೇಳಿದರು.

“ನಂಗೆ ಗೆರೆ ಎಂತಕ್ಕೆ ಮೇಡಂ? ನೆನಪಿರ್ತದೆ” ಎಂದೆ.

ನೆನಪಿತ್ತು. ಬೆಳಿಗ್ಗೆ ಚಹಾದ ಜೊತೆ ಗುಳಿಗೆ ನುಂಗಿದ್ದು ನನಗೆ ಪ್ರತಿ ದಿನವೂ ಸ್ಪಷ್ಟವಾಗಿ ನೆನಪಿರುತ್ತಿತ್ತು, ನೀರು ಗಂಟಲಿಗೆ ಇಳಿದದ್ದರ ಸಮೇತ. ಒಂದು ವರ್ಷ ಕಳೆದ ಮೇಲೆ ಹೆಂಡತಿ ಮೇಜಿನ ಖಾನೆ ತೆಗೆದಾಗ ಎರಡು ತಿಂಗಳ ಗುಳಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿದ್ದವು. ನುಂಗದ ಗುಳಿಗೆಗಳನ್ನು ನಾನು ದೋಣಿ ಮತ್ತು ಕನ್ನಡಿಯ ಹಾಗೆ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ.

ಅವಳು ಖಾನೆ ತೆಗೆಯುವ ಹೊತ್ತಿಗೆ ತಡವಾಗಿತ್ತು. ಈ ಸಲ ಉತ್ಸಾಹ ಏರಲಿಲ್ಲ, ಸೂತ್ರ ಹೊಳೆಯಲಿಲ್ಲ. ಊಟ, ನಿದ್ದೆ ಎಲ್ಲ ಸರಿಯಿತ್ತು. ಆದರೆ ಸ್ಟಾಫ್ ರೂಮಿನಲ್ಲಿ ಕುಳಿತಾಗ ಹಿಂದಿನಿಂದ ಒಬ್ಬ ಗಂಡಸು ಮಗ್ಗಿ ಹೇಳತೊಡಗಿದ. ತಿರುಗಿದರೆ ಬೀರು. ಹೇಳುವುದಾದರೂ ಸರಿಯಾಗಿ ಹೇಳಬೇಡವೇ? “ಹದಿಮೂರು ಏಳಲಿ ತೊಂಬತ್ತೆರಡು” ಅನ್ನುತ್ತಿದ್ದ. ಮೂರು ವಾರ ಹಲ್ಲುಕಚ್ಚಿ ಸಹಿಸಿಕೊಂಡೆ. ಒಂದು ದಿನ ಒಂಬತ್ತನೇ ತರಗತಿಯಲ್ಲಿ ಪಾಠದ ನಡುವೆ ಅವನು ಮತ್ತೆ ತೊಂಬತ್ತೆರಡು ಅಂದಾಗ ನಾನು ಹಲಗೆಗೆ ಕೈ ಅಪ್ಪಳಿಸಿ “ತೊಂಬತ್ತೊಂದು!” ಎಂದು ಗರ್ಜಿಸಿದೆ. ಮಕ್ಕಳೆಲ್ಲ ಗಾಬರಿಯಿಂದ ತೊಂಬತ್ತೊಂದು ಎಂದು ಬರೆದುಕೊಂಡರು. ನಾವು ಅವತ್ತು ಮಾಡುತ್ತಿದ್ದದ್ದು ತ್ರಿಕೋನದ ಪಾಠ.

ಹೆಡ್ ಮಾಸ್ತರರು ನನ್ನನ್ನು ತಮ್ಮ ಬೈಕಿನಲ್ಲಿ ಮನೆಗೆ ಬಿಟ್ಟು, ರಜೆಯ ಅರ್ಜಿಯನ್ನೂ ತಾವೇ ಬರೆದುಕೊಂಡರು. ದಾರಿಯಲ್ಲಿ ನಾನು ಹಿಂದೆ ಕುಳಿತು ಅತ್ತದ್ದು ಅವರಿಗೆ ಗೊತ್ತಾಗಿರಬೇಕು. ಮನೆ ಮುಟ್ಟಿದಾಗ ಅವರ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಕಾರವಾರದಲ್ಲಿ ಡಾಕ್ಟರು ಎಲ್ಲ ವಿವರ ಕೇಳಿ, ಎಷ್ಟು ದಿನ, ಮನಸ್ಸು ಹೇಗಿತ್ತು, ದನಿ ಯಾವಾಗ ಎಂದೆಲ್ಲ ಕೆದಕಿ, ನನ್ನ ಫೈಲಿನ ಮೇಲಿನ ಹೆಸರನ್ನು ಬದಲಿಸಿದರು. ಮನಸ್ಸು ಏರದೆ ಇಳಿಯದೆ ಇದ್ದಾಗಲೂ ವಾರಗಟ್ಟಲೆ ದನಿ ಕೇಳಿದೆಯಾದ್ದರಿಂದ ಇದು ಸ್ಕಿಜೋಅಫೆಕ್ಟಿವ್, ಅಂದರೆ ಅದರದ್ದೂ ಸ್ವಲ್ಪ ಇದರದ್ದೂ ಸ್ವಲ್ಪ. ನಾನು ನಾಲ್ಕು ದಿನ ಮಂಕಾಗಿ ಕುಳಿತೆ. ಕಾಯಿಲೆ ಮರಳಿ ಬಂದದ್ದಕ್ಕೆ ನೊಂದಿದ್ದೇನೆಂದು ತಿಳಿದು ಹೆಂಡತಿ ಸಮಾಧಾನ ಮಾಡುತ್ತಿದ್ದಳು. ನನ್ನ ದುಃಖ ಬೇರೆಯದಿತ್ತು, ಅದನ್ನು ಅವಳಿಗೆ ಹೇಳಲೂ ನಾಚಿಕೆ. ನನಗೆ ಹಿಂಬಡ್ತಿ ಆಗಿತ್ತು. ಫಸ್ಟ್ ಕ್ಲಾಸಿನಿಂದ ಸೆಕೆಂಡ್ ಕ್ಲಾಸಿಗೆ.

ಸ್ವಲ್ಪ ಸುಧಾರಿಸಿದ ಮೇಲೆ ಮೂರನೆಯ ಪರೀಕ್ಷೆ ಆಯಿತು. ಅಂಕೆಗಳ ಕೆಳಗೆ ಚಿಹ್ನೆ ಬರೆಯುವಾಗ ಕೈ ನಿಧಾನವಾಯಿತು, ನಡುವೆ ಎಲ್ಲಿದ್ದೇನೆಂದು ಮರೆತೆ. ಮುಗಿದದ್ದೇ ಕೇಳಿಬಿಟ್ಟೆ: “ಮೇಡಂ, ಹೆಸರು ಬದಲಾದ್ದಕ್ಕೇ ನನ್ನ ಬುದ್ಧಿ ಕಡಿಮೆ ಆಯ್ತಾ?”

ಮೇಡಂ ಒಂದು ಕಾಗದ ತೆಗೆದುಕೊಂಡು ದಿಬ್ಬದ ಹಾಗೆ ಏರಿಳಿಯುವ ಮೂರು ಗೆರೆ ಬರೆದರು, ಒಂದರ ಮೇಲೊಂದು ಬಿದ್ದುಕೊಂಡ ಹಾಗೆ. “ಇದು ಸ್ಕಿಜೋಫ್ರೇನಿಯಾ ಇರುವವರು, ಇದು ಬೈಪೋಲಾರ್, ನಡುವೆ ಈಗ ನಿಮ್ಮದು. ಗುಂಪು ಗುಂಪಾಗಿ ನೋಡಿದ್ರೆ ಒಂದರ ಸರಾಸರಿ ಸ್ವಲ್ಪ ಈಚೆ, ಇನ್ನೊಂದರದ್ದು ಸ್ವಲ್ಪ ಆಚೆ. ಮಾಸ್ತರ್ರೇ, ಈ ದಿಬ್ಬದಲ್ಲಿರೋ ಒಬ್ಬ ಮನುಷ್ಯ ಆ ದಿಬ್ಬದಲ್ಲಿರೋ ಒಬ್ಬ ಮನುಷ್ಯನಿಗಿಂತ ಚುರುಕಾಗಿರ್ಬಹುದಾ?”

ಕಾಗದವನ್ನು ನೋಡುತ್ತ ಕುಳಿತೆ. ದಿಬ್ಬಗಳ ಬಹುಭಾಗ ಒಂದರೊಳಗೊಂದು ಸೇರಿಕೊಂಡಿತ್ತು. ಸರಾಸರಿ ಎಂದರೆ ಗುಂಪಿನ ಗುಣ, ಅದರಿಂದ ಒಬ್ಬನ ಅಂಕ ಹೇಳಲಾಗದು ಎಂದು ನಾನು ಪ್ರತಿ ವರ್ಷ ಒಂಬತ್ತನೇ ತರಗತಿಗೆ ಹೇಳುತ್ತಿದ್ದೆ. ಹುಡುಗರು ಅದನ್ನು ಮರೆತು ಬರೆದರೆ ಕೆಂಪು ಶಾಯಿಯಲ್ಲಿ ಸುತ್ತುಹಾಕಿ ‘ಮೂಲ ಪರಿಕಲ್ಪನೆಯೇ ತಿಳಿದಿಲ್ಲ’ ಎಂದು ಷರಾ ಬರೆಯುತ್ತಿದ್ದೆ.

“ಇರ್ಬಹುದು” ಎಂದೆ ಸಣ್ಣ ದನಿಯಲ್ಲಿ.

“ನಿಮ್ಮ ಕೈ ನಿಧಾನ ಆಗಿರೋದು ನಿಜ. ಕಾಯಿಲೆ ಮರುಕಳಿಸಿ ಇನ್ನೂ ಬಹಳ ದಿನ ಆಗಿಲ್ಲ, ಔಷಧಿ ಹೆಚ್ಚಾಗಿದೆ. ಎಷ್ಟು ಸುಧಾರಿಸ್ತದೆ ಅಂತ ನಾನೂ ಈಗ ಹೇಳೋಕೆ ಬರೋದಿಲ್ಲ. ನೋಡುತ್ತ ಹೋಗುವ. ಗುಳಿಗೆಗೆ ಗೆರೆ ಎಳೀತೀರಾ?”

“ಎಳೀತೇನೆ.”

ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಶಾಲೆಗೆ ಮರಳಿದೆ. ವೇಳಾಪಟ್ಟಿ ಮಾಡುವ ಕೆಲಸ ನನ್ನಿಂದ ಬೇರೆಯವರಿಗೆ ಹೋಯಿತು. ಮೊದಲು ಬಾಯಲ್ಲೇ ಬಿಡಿಸುತ್ತಿದ್ದ ಲೆಕ್ಕವನ್ನು ಈಗ ಪ್ರತಿ ಹೆಜ್ಜೆಯನ್ನೂ ಹಲಗೆಯ ಮೇಲೆ ಬರೆದು ಬಿಡಿಸುತ್ತೇನೆ. ಹೀಗೆ ನಿಧಾನ ಮಾಡಿದ ಮೇಲೆ ಹಿಂದಿನ ಬೆಂಚಿನವರಿಗೂ ಅರ್ಥವಾಗತೊಡಗಿದೆ ಎಂದು ಒಬ್ಬ ಸಹೋದ್ಯೋಗಿ ಹೊಗಳಿದರು. ಹಾಗಾದರೆ ಇಷ್ಟು ವರ್ಷ ಅವರಿಗೆ ಅರ್ಥವಾಗುತ್ತಿರಲಿಲ್ಲ ಎಂದಾಯಿತು. ಆ ಹೊಗಳಿಕೆಯನ್ನು ಹೇಗೆ ತೆಗೆದುಕೊಳ್ಳುವುದೆಂದು ನನಗಿನ್ನೂ ತಿಳಿದಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಮೀನುಗಾರನ ಅಕ್ಕ ನನ್ನನ್ನೂ ಹೆಂಡತಿಯನ್ನೂ ಮಾಜಾಳಿಗೆ ಊಟಕ್ಕೆ ಕರೆದಳು. ಅವನು ಈಗ ದಿನಾ ಬಲೆ ಹೊಲಿಯುತ್ತಾನೆ. ಒಂದು ಬಲೆಗೆ ಬೇರೆಯವರಿಗಿಂತ ಎರಡು ದಿನ ಹೆಚ್ಚು ಹಿಡಿಯುತ್ತದೆ. ಗದ್ದಲವಿದ್ದರೆ ಕೈ ನಿಂತುಬಿಡುತ್ತದೆ, ಎರಡು ಕೆಲಸ ಒಟ್ಟಿಗೆ ಹೇಳಿದರೆ ಎರಡೂ ಬಿಟ್ಟುಹೋಗುತ್ತವೆ. ಹಾಗಾಗಿ ಶೆಡ್ಡಿನ ಒಂದು ಮೂಲೆಯನ್ನು ಅವನಿಗೇ ಬಿಟ್ಟುಕೊಟ್ಟಿದ್ದಾರೆ. ಅಡುಗೆಮನೆಯ ಗೋಡೆಯ ಮೇಲೆ ಕ್ಯಾಲೆಂಡರಿನ ತುಂಬ ಇದ್ದಿಲಿನ ಗೆರೆ. ನಾನು ಕದ್ದು ಎಣಿಸಿದೆ. ಒಂದೂ ತಪ್ಪಿರಲಿಲ್ಲ. ನನ್ನ ಮನೆಯ ಕ್ಯಾಲೆಂಡರಿನಲ್ಲಿ ಅದೇ ತಿಂಗಳು ಮೂರು ತಪ್ಪಿದ್ದವು, ಅದೂ ಹೆಂಡತಿ ನೆನಪಿಸಿದ ಮೇಲೆ.

ಬಂಗಡೆ ಸಾರು, ಹುರಿದ ತಾರ್ಲೆ ಮೀನು, ಕುಚ್ಚಲಕ್ಕಿ ಅನ್ನ. ಅಕ್ಕ ಬಡಿಸುತ್ತ ನನ್ನ ಹೆಂಡತಿಯ ಜೊತೆ ಗಂಡಸರ ಗುಳಿಗೆಗಳ ಬಗ್ಗೆ ದೊಡ್ಡ ದನಿಯಲ್ಲಿ ಚರ್ಚೆ ಮಾಡುತ್ತಿದ್ದಳು, ನಾವು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಊಟದ ನಡುವೆ ಅವನು ಕೈ ನಿಲ್ಲಿಸಿದ. ಕತ್ತು ಸ್ವಲ್ಪ ವಾಲಿಸಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ “ಆಮೇಲೆ, ಈಗ ಉಣ್ತಾ ಇದ್ದೆ” ಎಂದು ಹೇಳಿ ಮತ್ತೆ ಅನ್ನ ಕಲಸಿದ.

ನನಗೆ ತಡೆಯಲಾಗಲಿಲ್ಲ. “ಎಂತ ಹೇಳ್ತ ಅಂವ?”

“ಬಿಡಿ ಮಾಸ್ತರ್ರೇ.”

“ಹೇಳು ಮಾರಾಯ, ನಂಗೂ ಒಬ್ಬ ಇದ್ದ. ಮಗ್ಗಿ ಬರ್ತಿರ್ಲಿಲ್ಲ ಅವ್ನಿಗೆ.”

ಅವನು ಸಂಕೋಚದಿಂದ ಅಕ್ಕನನ್ನು ನೋಡಿದ, ನನ್ನ ಹೆಂಡತಿಯನ್ನು ನೋಡಿದ. “ನಿಮ್ಮ ಬಗ್ಗೆನೇ ಹೇಳ್ತ. ಮಾಸ್ತರ್ರು ಸುಮ್ನೆ ಕೂತು ಉಣ್ಣೂದ್ ಯಾವಾಗ ಕಲಿಯೂದು ಹೇಳಿ ಕೇಳ್ತ.”

ನನ್ನ ಹೆಂಡತಿಗೆ ನಕ್ಕೂ ನಕ್ಕೂ ನೆತ್ತಿ ಹತ್ತಿ, ಅಕ್ಕ ಓಡಿಬಂದು ಬೆನ್ನು ತಟ್ಟಬೇಕಾಯಿತು. ಕಣ್ಣೊರೆಸಿಕೊಂಡು ಅವಳು ಅವನಿಗೆ ಹೇಳಿದಳು: “ನಾ ಹದಿನೆಂಟು ವರ್ಷದಿಂದ ಅದನ್ನೇ ಕೇಳ್ತಾ ಇದ್ದೆ ಹೇಳಿ ನಿಮ್ಮ ಕಿವಿಯವ್ನಿಗೆ ತಿಳಿಸಿ.”

ನಾನು ಅನ್ನ ಕಲಸಿ ತುತ್ತು ಬಾಯಿಗಿಟ್ಟೆ. ಅಕ್ಕ ನನ್ನ ತಟ್ಟೆಗೆ ಇನ್ನೆರಡು ತಾರ್ಲೆ ಹಾಕಿದಳು.